ನೀರಿಗೆ ಸೂತಕ

"ಒಂದೇ ಒಂದ್ ವರ್ಷ ತಡಿ ಗಿರಿಜಾ. ಬಪ್ಪು ವರ್ಷ ನಾವೇ ಮುಂದ್ ನಿಂತ್ ಬೊಜ್ಜ ಮಾಡ್ಸುವ. ಭಟ್ರಿಂದ ಹಿಡ್ದ್ ಅಡುಗಿಯವ್ರ ತನಕ ಎಲ್ಲ ಸಮಿತಿಯವ್ರೇ ಕಾಣ್ಕಂತ್ರ್."

ಉತ್ತರಕ್ರಿಯೆಯ ಈ ಮಾತನ್ನು ಹೊಳೆ ಕಾಯುವ ಸಮಿತಿಯ ಭೋಜರಾಜ ಹೇಳಿ ಮುಗಿಸುವಾಗ ಗಿರಿಜಾ ತಲೆಯ ಮೇಲಿನ ಮೀನಿನ ಬುಟ್ಟಿಯನ್ನೂ ಇಳಿಸಿರಲಿಲ್ಲ. ಬೆಳಗಿನಿಂದ ಗಂಗೊಳ್ಳಿಯಲ್ಲಿ ಮನೆಮನೆ ಸುತ್ತಿ, ಕಡವಿನ ದೋಣಿ ಹತ್ತಿ ಹೊನ್ನೆಕುದ್ರುವಿಗೆ ಬಂದಿಳಿದರೆ ತನ್ನ ಜಗಲಿಯ ತುಂಬ ಜನ. ಹೊಳೆಯ ನಡುವಿನ ಆ ಸಣ್ಣ ಕುದ್ರುವಿನಲ್ಲಿ ಇರುವುದೇ ಹನ್ನೊಂದು ಮನೆ. ಹನ್ನೊಂದು ಮನೆಯ ಗಂಡಸರೂ ಅಲ್ಲೇ. ಸಾಲದ್ದಕ್ಕೆ ಆಚೆ ದಡದ ಮೀನುಗಾರರ ಮುಖಂಡ ಗುಡ್ಡ ಬೇರೆ ಬಂದು ಕಂಬಕ್ಕೆ ಒರಗಿ ಕೂತಿದ್ದ. ಅಂಗಳದ ತೆಂಗಿನ ಬುಡದಲ್ಲಿ ಮೀನುಗಾರಿಕೆ ಕಾಲೇಜಿನ ಹುಡುಗಿ ಕ್ಷಮಾ ಹೆಗಲಿಗೆ ಚೀಲ ಹಾಕಿಕೊಂಡು, ಇಲ್ಲಿಂದ ತಪ್ಪಿಸಿಕೊಂಡರೆ ಸಾಕು ಎಂಬ ಮುಖ ಮಾಡಿ ನಿಂತಿದ್ದಳು. ಮಗಳು ಧನ್ಯಶ್ರೀ ಎಲ್ಲರಿಗೂ ಚಾ ಕೊಟ್ಟಿದ್ದಳು. ಒಬ್ಬರೂ ಲೋಟ ಮುಟ್ಟಿರಲಿಲ್ಲ.

"ಬೊಜ್ಜ ಯಾರ್ದ್ ಭೋಜಣ್ಣ?" ಗಿರಿಜಾ ಬುಟ್ಟಿ ಹೊತ್ತೇ ಕೇಳಿದಳು.

"ಎಂತ ಹಾಂಗ್ ಕೇಂತೆ? ಚಂದಯ್ಯಂದ್."

"ಹಾಂ. ನನ್ನ ಗಂಡಂದ್. ಮೂರ್ ವರ್ಷ ಮಾಡ್ ಮಾಡ್ ಅಂದೇಳಿ ನನ್ನ ತಲಿ ತಿಂದ್ರಿ. ಆಗ ನಾನ್ ಆತಿಲ್ಲೆ ಅಂದೆ. ಈಗ ಮಾಡ್ತೆ ಅಂದ್ರೆ ನಿಮ್ಗೆ ಬ್ಯಾಡ. ಇದೆಂತ ಮರಾಯ್ರೆ ನಿಮ್ಮ ನ್ಯಾಯ?"

ಭೋಜರಾಜ ಕೆಟ್ಟ ಮನುಷ್ಯನಲ್ಲ. ಕುದ್ರುವಿನಲ್ಲಿ ಯಾರಿಗೆ ಜ್ವರ ಬಂದರೂ ತನ್ನ ದೋಣಿ ಬಿಚ್ಚಿ ಕುಂದಾಪುರದ ಆಸ್ಪತ್ರೆಗೆ ಮುಟ್ಟಿಸುವವನು ಅವನೇ. ಚಂದಯ್ಯ ಮುಳುಗಿದಾಗ ಮೂರು ಹಗಲು ಊಟ ಬಿಟ್ಟು ಹೊಳೆ ಜಾಲಾಡಿದವನೂ ಅವನೇ. ಅಂಥವನು ಇಂಥ ಮಾತು ಆಡಲು ಬಂದನಲ್ಲ ಎಂದು ಗಿರಿಜಾಳಿಗೆ ಇನ್ನಷ್ಟು ಸಿಟ್ಟು ಬಂತು.

"ಸರಕಾರದ ಕಾಗದ ಬಪ್ಪಲ್ಲಿವರಿಗೆ ಅಷ್ಟೇಯ" ಎಂದ ಭೋಜರಾಜ. "ಕರಿಗುಂಡಿಯಗೆ ಮೀನ್ ಹಿಡಿವಾಂಗಿಲ್ಲೆ ಅಂದೇಳಿ ಆರ್ಡರ್ ಬಂತ್ ಅಂದ್ರೆ ಮತ್ತೆ ಯಾರ ಹೆದ್ರಿಕಿಯೂ ಇಲ್ಲೆ. ಅದಕ್ಕೆ ಇನ್ನೂ ಒಂದ್ ವರ್ಷ ಬೇಕ್ ಅಂಬ್ರ್. ಅಲ್ಲಿ ತನಕ ಗುಂಡಿ ಕಾಯುಕೆ ನಮ್ಗೆ ಬೇರೆ ಎಂತ ಇತ್ತ್?"

ಗುಡ್ಡ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ನಾ ಸುಳ್ ಹೇಳುದಿಲ್ಲೆ ಅಕ್ಕ. ಸಮಿತಿ ಪುಸ್ತಕಕ್ಕೆ ನಾನೂ ರುಜು ಹಾಕಿದ್ದೆ. ಆದ್ರೆ ಸೂತಕ ಹೋಯ್ತ್ ಅಂದ್ರೆ ನಮ್ಮ ಹುಡುಗ್ರನ್ನ ಹಿಡ್ದ್ ನಿಲ್ಸುಕೆ ನನ್ನತ್ರ ಆತಿಲ್ಲೆ. ಅವ್ರನ್ನ ಬಿಡಿ, ಎಂಟ್ ಕೆಜಿ ಕೆಂಬೇರಿ ಮೀನ್ ಕಣ್ಣೆದ್ರಿಗೆ ಹಾರಿದ್ರೆ ನಾನೇ ಸುಮ್ನೆ ಕೂಕಂತೆ ಅಂದೇಳಿ ಹೇಳುಕಾತಿಲ್ಲೆ."

"ಅಂದ್ರೆ ನಿಮ್ಮ ಮೀನ್ ಕಾಯುಕೆ ನನ್ನ ಗಂಡ!" ಗಿರಿಜಾಳ ದನಿ ಏರಿತು. "ಕಾವಲಿಗೆ ಜನ ಬೇಕಾರೆ ನಿಮ್ಮ ನಿಮ್ಮ ಮನಿಯಿಂದ ಒಬ್ಬೊಬ್ರನ್ನ ಕಳ್ಸಿನಿ. ಸತ್ತವ್ರನ್ನ ಎಂತಕೆ ನೀರಲ್ಲಿ ನಿಲ್ಸುದ್?"

"ಸಿಟ್ಟ್ ಮಾಡ್ಬ್ಯಾಡ. ನಿನ್ನ ಬುಟ್ಟಿಯಗಿಪ್ಪು ಚಟ್ಲಿ ಎಲ್ಲಿಂದ್ ಬಂತ್ ಹೇಳ್ ಕಾಂಬ" ಎಂದು ಭೋಜರಾಜ ಮೆತ್ತಗೆ ಕೇಳಿದ.

ಗಿರಿಜಾ ಬುಟ್ಟಿ ಇಳಿಸಿದಳು. ತಳದಲ್ಲಿ ಮಾರಿ ಮಿಕ್ಕ ಒಂದು ಹಿಡಿ ಚಟ್ಲಿ ಇತ್ತು. ಬೆರಳುದ್ದದ ಒಳ್ಳೆಯ ಸಿಗಡಿ. ನಾಲ್ಕು ವರ್ಷದ ಹಿಂದೆ ಈ ಹೊಳೆಯಲ್ಲಿ ಇಂಥದ್ದನ್ನು ಕಂಡವರೇ ಇರಲಿಲ್ಲ. ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊಳೆಯಲ್ಲಿ ಆಳು ಮುಳುಗಿ ಹೆಣ ಸಿಗದಿದ್ದರೆ ಆ ನೀರಿಗೆ ಸೂತಕ. ಇದು ಕುದ್ರುವಿನವರೂ ಆಚೆ ದಡದವರೂ ಅಜ್ಜಂದಿರ ಕಾಲದಿಂದ ನಡೆಸಿಕೊಂಡು ಬಂದ ಕಟ್ಟು. ಮನೆಯವರು ಬೊಜ್ಜ ಮಾಡಿ ಸತ್ತವನನ್ನು ಕಳಿಸಿಕೊಡುವವರೆಗೆ ಅಲ್ಲಿ ಬಲೆ ಇಳಿಸುವಂತಿಲ್ಲ, ಗಾಳ ಹಾಕುವಂತಿಲ್ಲ, ಅಲ್ಲಿಯ ಮೀನು ತಿನ್ನುವಂತಿಲ್ಲ. ಯಾಕೆ ಎಂದು ಬಿಡಿಸಿ ಹೇಳುವ ಅಗತ್ಯ ಹೊಳೆಯ ಜನಕ್ಕೆ ಇಲ್ಲ. ಸಾಮಾನ್ಯವಾಗಿ ಅದು ಹತ್ತು ಹನ್ನೆರಡು ದಿನದ ಮಾತು. ಚಂದಯ್ಯನ ವಿಷಯದಲ್ಲಿ ಮೂರು ವರ್ಷವಾಯಿತು.

ಕರಿಗುಂಡಿ ಎಂದರೆ ಕುದ್ರುವಿನ ಬಾಲದ ಹತ್ತಿರ ಹೊಳೆ ತಿರುಗುವಲ್ಲಿರುವ ಮಡು. ನಾಲ್ಕಾಳು ಆಳ, ಸುತ್ತ ಕಾಂಡ್ಲಾ ಗಿಡಗಳ ಬೇರಿನ ಬೇಲಿ. ಮೂರು ವರ್ಷದ ಹಿಂದೆ, ಮಳೆಗಾಲ ಮುಗಿದು ನೀರು ತಿಳಿಯಾದ ಒಂದು ಬೆಳಗ್ಗೆ ಚಂದಯ್ಯನೂ ಅವನ ತಮ್ಮ ನಾಗನೂ ಅಲ್ಲಿ ಬಲೆ ಬಿಟ್ಟಿದ್ದರು. ಬಲೆ ತಳದಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಬಿಡಿಸಿ ಬರುತ್ತೇನೆಂದು ಚಂದಯ್ಯ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯನ್ನು ನಾಗನ ಕೈಗೆ ಕೊಟ್ಟು ಮುಳುಗಿದ. ಹಾಗೆ ಮುಳುಗಿ ಬಲೆ ಬಿಡಿಸುವುದು ಅವನಿಗೆ ನಾವು ನೀವು ಅಂಗಿ ಗುಂಡಿ ಬಿಚ್ಚಿದಷ್ಟು ಸಲೀಸು. ನಾಗ ದೋಣಿಯಲ್ಲಿ ಕೂತು ಕಾದ, ಕೂಗಿದ, ಹಾರಿದ. ಇಳಿತದ ನೀರು ಅಳಿವೆಯ ಕಡೆ ರಭಸವಾಗಿ ಎಳೆಯುತ್ತಿತ್ತು. ಅಣ್ಣ ಮೇಲೆ ಬರಲೇ ಇಲ್ಲ. ಅಂದಿನಿಂದ ನಾಗ ಹೊಳೆಗಿಳಿದಿಲ್ಲ, ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಒಡೆಯುತ್ತಾನೆ.

ಗಿರಿಜಾ ಬೊಜ್ಜಕ್ಕೆ ಒಪ್ಪಲಿಲ್ಲ. ಹೆಣ ಕಾಣದೆ ಗಂಡ ಸತ್ತನೆಂದು ಹೇಗೆ ನಂಬುವುದು? ಕುಂಕುಮ ಇಟ್ಟಳು, ಬಳೆ ತೊಟ್ಟಳು, ಬುಟ್ಟಿ ಹೊತ್ತಳು. ಹಿಂದಿನಿಂದ ಹೆಂಗಸರು ಪಿಸುಗುಟ್ಟಿದರೆ ತಿರುಗಿ ನಿಂತು, "ಎಂತ? ಎದ್ರಿಗೆ ಬಂದ್ ಹೇಳಿ" ಎಂದು ಜಗಳಕ್ಕೇ ಹೋದಳು. ಅವಳ ಹಟದಿಂದ ಕರಿಗುಂಡಿಯ ಸೂತಕ ಮುಂದುವರಿಯಿತು. ಬೇರೆ ಕಡೆಯಿಂದ ನೀರಲ್ಲಿ ತೋಟೆ ಸಿಡಿಸಿ ಮೀನು ಕೊಲ್ಲಲು ಬರುತ್ತಿದ್ದವರನ್ನೂ ಎರಡು ದಡದವರು ಅಟ್ಟಿದರು, ಹೆಣವಿರುವ ನೀರಿನ ಮೀನನ್ನು ಯಾರಾದರೂ ಪೇಟೆಗೆ ತಂದರೆ ತಮ್ಮ ಹೊಳೆಯ ಹೆಸರೇ ಕೆಡುತ್ತದೆಂಬ ಹೆದರಿಕೆಯಿಂದ.

ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. ಎರಡನೆಯ ವರ್ಷ ಕಾಂಡ್ಲಾ ಬುಡದಲ್ಲಿ ಏಡಿ ಕಾಲಿಗೆ ಸಿಗತೊಡಗಿತು. ಆಮೇಲೆ ಗುಂಡಿಯ ಹೊರಗೆ, ಅರ್ಧ ಮೈಲಿ ದೂರದ ಬಲೆಗಳು ಕೂಡ ತೂಕದಲ್ಲಿ ಏಳತೊಡಗಿದವು. ಕ್ಷಮಾ ಬಂದು ಅಳೆದು ತೂಗಿ, ಮೀನು ಮೊಟ್ಟೆಯಿಡುವ ಜಾಗ ಇದೇ, ಇಲ್ಲಿ ಮುಟ್ಟದಿದ್ದರೆ ಇಡೀ ಹೊಳೆಗೆ ಮೀನು ಎಂದಳು. ಜನ್ಮದಲ್ಲಿ ಒಂದು ಮಾತಿಗೆ ಒಪ್ಪದ ಎರಡು ದಡಗಳು ಒಂದೇ ಚಾಪೆಯ ಮೇಲೆ ಕೂತು ಸಮಿತಿ ಮಾಡಿದವು. ಗುಂಡಿಯ ಸುತ್ತ ಬಿದಿರಿನ ಗಳು ನೆಟ್ಟು ಕೆಂಪು ಬಟ್ಟೆ ಕಟ್ಟಿದವು. ದೊಡ್ಡ ಸಂಗತಿಯೇ, ಸುಳ್ಳಲ್ಲ. ಆದರೆ ಆ ಗಳುಗಳಿಗೆ ಯಾರೂ ಹೆದರುವುದಿಲ್ಲ, ಹೆದರುವುದು ಚಂದಯ್ಯನಿಗೆ ಎಂಬುದು ಸಮಿತಿಯ ಒಬ್ಬೊಬ್ಬರಿಗೂ ಗೊತ್ತಿತ್ತು.

ಹೋದ ತಿಂಗಳು ರತ್ನಾಗಿರಿ ಬಂದರಿನಲ್ಲಿ ಕೆಲಸಕ್ಕಿರುವ ಬಿಜೂರಿನವನೊಬ್ಬ ನಾಗನ ಮೊಬೈಲಿಗೆ ಒಂದು ಫೋಟೋ ಕಳಿಸಿದ. ಬಲೆ ನೇಯುತ್ತ ಕೂತ ಗಂಡಸು, ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಚಂದಯ್ಯನದೇ ಕಿವಿ, ಅವನದೇ ಬೆನ್ನು. ಗಿರಿಜಾ ಹೊಸ ಸೀರೆ ಉಟ್ಟು ನಾಗನ ಜತೆ ರೈಲು ಹತ್ತಿದಳು. ಬಂದರಿನಲ್ಲಿ ಆ ಮನುಷ್ಯನ ಹಿಂದೆ ಹೋಗಿ ನಿಂತು, "ಹ್ವಾಯ್" ಎಂದು ಕರೆದಳು. ಅವನು ತಿರುಗಿ, ಏನು ಬೇಕೆಂದು ಮರಾಠಿಯಲ್ಲಿ ಕೇಳಿದ. ಯಾರೋ ಪರಕೀಯ. ಅವಳು ಅವನನ್ನು ಬಹಳ ಹೊತ್ತು ನೋಡಿದಳಂತೆ, ಅವನೇ ಗಾಬರಿಯಾಗಿ ಎದ್ದುಹೋಗುವಷ್ಟು.

ಬರುವಾಗ ರೈಲು ಬೈಂದೂರು ಸ್ಟೇಷನ್ ದಾಟಿತು. ಆಮೇಲೆ, "ನಾಗ, ಬೊಜ್ಜ ಮಾಡುವ" ಎಂದಳು.

"ಅತ್ತಿಗೆ..."

"ಅವ್ರ್ ಎಲ್ಲಿಗೂ ಹೋಯ್ಲಿಲ್ಲೆ ಮಾರಾಯ. ಗುಂಡಿಯಗೇ ಇದ್ರ್. ದಿನಾ ಬೆಳಿಗ್ಗೆ ನಾ ಸದ್ದ್ ಕೇಂತಾ ಇದ್ದೆ. ದೋಣಿಗೆ ಬಡಿತ್ರ್."

ಮೀನನ್ನು ಬಲೆಯ ಕಡೆ ಓಡಿಸಲು ದೋಣಿಯ ಅಂಚಿಗೆ ಹುಟ್ಟುಕೋಲಿನಿಂದ ಬಡಿಯುವುದುಂಟು. ಒಬ್ಬೊಬ್ಬರದು ಒಂದೊಂದು ಲೆಕ್ಕ. ಅಣ್ಣನದು ಜೋಡಿ ಪೆಟ್ಟು, ತಡೆದು ಮತ್ತೊಂದು. ಬೆಳಗಿನ ಹೊತ್ತು ಆ ಸದ್ದು ಕುದ್ರುವಿನಲ್ಲಿ ನಾಗನಿಗೂ ಕೇಳಿತ್ತು. ಹುಚ್ಚು ಹಿಡಿಯಿತೇನೋ ಎಂದು ಯಾರಿಗೂ ಹೇಳಿರಲಿಲ್ಲ. ಐಸ್ ಪ್ಲಾಂಟಿನ ಗದ್ದಲದಲ್ಲಿ ಅದು ಕೇಳುವುದಿಲ್ಲವೆಂದೇ ಅವನು ಆ ಕೆಲಸ ಬಿಟ್ಟಿರಲಿಲ್ಲ.

ಸಮಿತಿ ಬಂದುಹೋದ ಮರುದಿನ, ಬೆಳಕು ಹರಿಯುವಾಗ ಕ್ಷಮಾ ಒಬ್ಬಳೇ ಬಂದಳು. ಬ್ರಹ್ಮಾವರದ ಹುಡುಗಿ. ಎರಡು ವರ್ಷದಿಂದ ಕುದ್ರುವಿಗೆ ಬಂದು ಹೋಗಿ ಧನ್ಯಶ್ರೀಗೆ ಅಕ್ಕನಂತೆ ಆಗಿದ್ದಳು.

"ನಿನ್ನೆ ನಾನ್ ಬತ್ತಿಲ್ಲೆ ಅಂದಿದ್ದೆ ಗಿರಿಜಕ್ಕ. ಅವ್ರೇ ಎಳ್ಕಂಡ್ ಬಂದ್ರ್."

"ನಿನ್ನ ಮುಖ ಕಂಡೇ ಗೊತ್ತಾಯ್ತ್. ಕೂಕೊ."

ಅವಳು ಕೂರಲಿಲ್ಲ. ಬಡಿಯುವ ಸದ್ದಿನ ವಿಷಯ ಧನ್ಯಶ್ರೀ ಹೇಳಿದಳು, ಒಂದು ತೋರಿಸಬೇಕಿತ್ತು, ಗುಂಡಿಯ ಹತ್ತಿರ ಬನ್ನಿ ಎಂದು ಕರೆದಳು. ಕುದ್ರುವಿನ ಬಾಲದಲ್ಲಿ ನಿಂತು ಚೀಲದಿಂದ ಉದ್ದ ವಯರಿನ ತುದಿಯ ಕರಿ ಮೈಕೊಂದನ್ನು ತೆಗೆದಳು. ನೀರೊಳಗಿನ ಸದ್ದು ಹಿಡಿಯುವ ಮೈಕು. ಅದನ್ನು ಮಡುವಿಗೆ ಇಳಿಸಿ, ಹೆಡ್‌ಫೋನನ್ನು ಗಿರಿಜಾಳ ಕಿವಿಗಿಟ್ಟಳು.

ಮೊದಲು ಒಗ್ಗರಣೆ ಸಿಡಿದಂಥ ಚಟಪಟ. ಅದು ಚಟ್ಲಿ ಎಂದು ಕ್ಷಮಾ ಕೈಸನ್ನೆ ಮಾಡಿದಳು. ಆಮೇಲೆ ಆಳದಿಂದ, ಡಕ್ ಡಕ್. ತಡೆದು, ಡಕ್. ಗಿರಿಜಾ ಎರಡೂ ಕೈಯಲ್ಲಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು ಅಲ್ಲೇ ಕೆಸರಿನಲ್ಲಿ ಕುಕ್ಕರಿಸಿದಳು.

"ಅದ್ ಕೊಡ್ಡಾಯಿ ಮೀನ್ ಅಕ್ಕ" ಎಂದು ಕ್ಷಮಾ ಹತ್ತಿರ ಕೂತು ಹೇಳಿದಳು. "ಹೆಣ್ಣು ಮೀನನ್ನ ಕರುಕೆ ಗಂಡು ಮೀನ್ ಹೊಟ್ಟಿಯಿಂದ ಸದ್ದ್ ಮಾಡ್ತ್. ಸುಮಾರ್ ಮೀನ್ ಸೇರ್ದ್ರೆ ದಡಕ್ಕೂ ಕೇಂತ್. ನೀವ್ ಹೆದ್ರುದ್ ಬ್ಯಾಡ ಅಂದೇಳಿ ತೋರ್ಸ್ದೆ. ಮುಂಚೆ ಈ ಹೊಳೆಯಗೆ ಕೊಡ್ಡಾಯಿ ಇರ್ಲೇ ಇಲ್ಲೆ. ಈಗ ಮೂರ್ ವರ್ಷದಗೆ ಬಂದದ್ದ್."

"ಮೂರ್ ವರ್ಷದಗೆ."

"ಹೌದ್."

"ಅವ್ರ್ ಹೋದ್ಮೇಲೆ."

ಕ್ಷಮಾಳಿಗೆ ತಾನು ಹೇಳಿದ್ದೇನೆಂದು ಆಗ ಹೊಳೆಯಿತು. ಗಿರಿಜಾ ಹೆಡ್‌ಫೋನ್ ತೆಗೆದು ಅವಳ ಮಡಿಲಿಗಿಟ್ಟಳು. "ನೀ ಓದಿದವ್ಳ್. ಮೀನ್ ಅಂದ್ರೆ ಮೀನೇ ಇರ್ಕ್. ಆದ್ರೆ ಆ ಮೀನ್ ಎಂತ ತಿಂದ್ ದೊಡ್ಡ ಆದ್ದ್? ಅದನ್ನೂ ಹೇಳ್ ಕಾಂಬ."

ಹುಡುಗಿಯ ಕಣ್ಣಲ್ಲಿ ನೀರು ನಿಂತಿತು. "ಬೊಜ್ಜ ಮಾಡಿ ಅಕ್ಕ. ಗುಂಡಿ ಹೋದ್ರೆ ಹೋಯ್ಲಿ."

"ಹೋಯ್ಲಿ ಅಂಬುಕೆ ನಿಂಗ್ ಬಾಯಿ ಹ್ಯಾಂಗ್ ಬಂತ್?" ಗಿರಿಜಾ ರೇಗಿದಳು. "ನಂಗೂ ಅದ್ ಹೋಪುದ್ ಬ್ಯಾಡ. ಅಲ್ಲಿ ಬಲೆ ಇಳ್ದ್ರೆ ನನ್ನ ಮೈಮೇಲೆ ಇಳ್ದಂಗ್ ಆತ್ತ್. ಆದ್ರೆ ಅವ್ರನ್ನ ಅಲ್ಲಿ ಕಟ್ಟಿ ಹಾಕಿ ನಾ ಅನ್ನ ಉಂಬುದ್ ಹ್ಯಾಂಗೆ? ಎರಡರಗೆ ಒಂದ್ ಮಾಡ್ಕಲ್ಲ. ಮಾಡ್ತೆ."

ದೀಪಾವಳಿ ಮುಗಿದ ಮರುವಾರ ಬೊಜ್ಜ ನಡೆಯಿತು. ಹೆಣವಿಲ್ಲದ್ದರಿಂದ ಭಟ್ಟರು ದರ್ಭೆಯಲ್ಲಿ ಆಳಿನ ರೂಪ ಕಟ್ಟಿ ಕೊಟ್ಟರು. ನಾಗ ಅದಕ್ಕೆ ಬೆಂಕಿಯಿಟ್ಟು, ಹತ್ತು ದಿನದ ಕ್ರಿಯೆ ಮುಗಿಸಿದ. ನಡುವೆ ಒಂದು ಬೆಳಗ್ಗೆ ಹೆಂಗಸರು ಗಿರಿಜಾಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಬಳೆ ತೆಗೆಸಿದರು. ಅವಳು ಅಳಲಿಲ್ಲ. ಬರಿಗೈ ನೋಡಿಕೊಂಡು, "ಭಾರ ಕಡ್ಮಿ ಆಯ್ತ್" ಎಂದಳು. ಅದನ್ನು ಕೇಳಿ ಧನ್ಯಶ್ರೀ ಗೋಡೆಗೆ ಮುಖ ಮಾಡಿ ಅತ್ತಳು.

ಹನ್ನೊಂದನೆಯ ದಿನ ಕಾಗೆಗೆ ಇಡುವುದು. ಎಲೆಯಲ್ಲಿ ಅನ್ನ ಬಡಿಸಿ, ಪಿಂಡವಿಟ್ಟು, ದೂರ ನಿಂತು ಕಾಯಬೇಕು. ಕಾಗೆ ಬಂದು ಮುಟ್ಟಿದರೆ ಸತ್ತವನಿಗೆ ತೃಪ್ತಿ, ಅವನು ಹೊರಟ. ಸೂತಕ ಅಲ್ಲಿಗೆ ಮುಗಿಯಿತು. ಎಲೆಯನ್ನು ಕುದ್ರುವಿನ ಬಾಲದಲ್ಲಿ, ಕರಿಗುಂಡಿಯ ಅಂಚಿನ ಕಲ್ಲಿನ ಮೇಲೆ ಇಟ್ಟರು. ಕುದ್ರುವಿನವರೆಲ್ಲ ಹಿಂದೆ ನಿಂತರು. ಆಚೆ ದಡದಿಂದ ಗುಡ್ಡನ ಮುಂದಾಳತ್ವದಲ್ಲಿ ಏಳು ದೋಣಿ ಬಂದು ಬಿದಿರಿನ ಗಳುಗಳ ಹೊರಗೆ ಸಾಲಾಗಿ ನಿಂತವು. ದುಃಖಕ್ಕೆ ಬಂದ ಜನ. ಆದರೆ ಏಳೂ ದೋಣಿಯಲ್ಲಿ ಟಾರ್ಪಾಲಿನ ಕೆಳಗೆ ಬಲೆ ಇತ್ತು. ಬಲೆಯಿಲ್ಲದೆ ದೋಣಿ ಇಳಿಸಿ ಅವರಿಗೆ ಅಭ್ಯಾಸವಿಲ್ಲ ಎಂದು ಬೇಕಾದರೆ ಅಂದುಕೊಳ್ಳಬಹುದು.

ಗಿರಿಜಾ ಎಲೆಯಿಂದ ಐದಾರು ಮಾರು ದೂರದಲ್ಲಿ ಬಿಳಿ ಸೀರೆಯ ಸೆರಗು ಬಿಗಿದುಕೊಂಡು ನಿಂತಿದ್ದಳು. ಸುತ್ತಲಿನ ಮುಖಗಳನ್ನು ನೋಡಿದಳು. ಎಲ್ಲರೂ ಆಕಾಶ ನೋಡುತ್ತಿದ್ದರು. ಭೋಜರಾಜನ ತುಟಿ ಅಲ್ಲಾಡುತ್ತಿತ್ತು. ಬಾ ಎನ್ನುತ್ತಿದ್ದಾನೋ, ಬರಬೇಡ ಎನ್ನುತ್ತಿದ್ದಾನೋ? ಬರಬೇಡ ಎಂದೇ. ಅವಳಿಗೆ ಸಂಶಯ ಉಳಿಯಲಿಲ್ಲ.

ಬಹಳ ಹೊತ್ತು ಕಾಯಬೇಕಾಗಲಿಲ್ಲ. ಕಾಂಡ್ಲಾ ಗಿಡದಿಂದ ಒಂದು ಕಾಗೆ ಇಳಿಯಿತು. ಕಲ್ಲಿನ ಮೇಲೆ ಕೂತು ಕತ್ತು ಕೊಂಕಿಸಿ, ಕುಪ್ಪಳಿಸಿ, ಎಲೆಯ ಅಂಚಿಗೆ ಬಂತು. ನಾಗ ಕೈ ಮುಗಿದ. ಕಾಗೆ ಅನ್ನಕ್ಕೆ ಕೊಕ್ಕು ಚಾಚಿತು.

"ಹೂಶ್!"

ಬಲಗೈ ಬೀಸಿ ಕೂಗಿದವಳು ಗಿರಿಜಾ. ಕಾಗೆ ಹಾರಿಹೋಯಿತು.

ಒಂದು ಕ್ಷಣ ಏನಾಯಿತೆಂದು ಅವಳಿಗೇ ತಿಳಿಯಲಿಲ್ಲ. ಬೀಸಿದ ಕೈ ಗಾಳಿಯಲ್ಲೇ ಇತ್ತು. ಮೂವತ್ತು ವರ್ಷದಿಂದ ಮೀನಿನ ಬುಟ್ಟಿಯ ಹತ್ತಿರ ಕಾಗೆ ಸುಳಿದರೆ ಏಳುವ ಕೈ. ಒಣಮೀನು ಹರವಿದ ಅಂಗಳದಲ್ಲಿ, ಗಂಗೊಳ್ಳಿಯ ಬೀದಿಯಲ್ಲಿ, ದಿನಕ್ಕೆ ನೂರು ಸಲ ಏಳುವ ಕೈ. ಕುದ್ರುವಿನ ಯಾವ ಹೆಂಗಸಿಗೆ ಆ ಅಭ್ಯಾಸವಿಲ್ಲ? ಹಾಗೆಂದು ಎಲ್ಲರಿಗೂ ಗೊತ್ತು. ಆದರೂ ಯಾರಿಗೂ ನಗು ಬರಲಿಲ್ಲ. ತಾನು ಅಭ್ಯಾಸದಿಂದಲೇ ಓಡಿಸಿದೆನೋ, ಅಥವಾ ಹೋಗಬೇಡಿ ಎಂದು ಮನಸ್ಸೇ ಕೈ ಎತ್ತಿತೋ ಎಂದು ಗಿರಿಜಾಳಿಗೆ ಭಯವಾಯಿತು.

"ಅಬ್ಬಿ..." ಎಂದು ಧನ್ಯಶ್ರೀ ಅವಳ ಕೈ ಹಿಡಿದು ಕೆಳಗಿಳಿಸಿದಳು.

ಮತ್ತೆ ಕಾದರು. ಅರ್ಧ ಗಂಟೆ, ಒಂದು ಗಂಟೆ. ಕಾಗೆಗಳು ಕಾಂಡ್ಲಾ ಮೇಲೆ ಕೂತು ಕೂಗಿದವೇ ಹೊರತು ಒಂದೂ ಇಳಿಯಲಿಲ್ಲ. ನಾಗ ಎಲೆಯ ಕಡೆ ತಿರುಗಿ, "ಅಣ್ಣಾ, ಅತ್ತಿಗೆನ್ನ ನಾ ಕಾಣ್ಕಂತೆ. ಹೆಣ್ಣಿನ ಮದ್ವಿ ನಾ ಮಾಡ್ತೆ. ನಾನ್ ಹಗ್ಗ ಗಟ್ಟಿ ಹಿಡಿಲಿಲ್ಲೆ ಅಂದೇಳಿ ಬೇಜಾರ್ ಇದ್ರೆ ನನ್ನ ಮೇಲೆ ಇರ್ಲಿ, ನೀ ಉಣ್ಣ್" ಎಂದು ಬಿಕ್ಕಿದ. ಮೂರು ವರ್ಷ ಗಂಟಲಲ್ಲಿ ಇಟ್ಟುಕೊಂಡ ಮಾತು. ಅದಕ್ಕೂ ಕಾಗೆ ಬರಲಿಲ್ಲ.

ಕಡೆಗೆ ಭೋಜರಾಜ ಮುಂದೆ ಬಂದ. ಅವನ ಮುಖದಲ್ಲಿ ದುಃಖವೂ ಇತ್ತು, ನಿರಾಳವೂ ಇತ್ತು. ನಿರಾಳವನ್ನು ಅವನಿಗೆ ಮುಚ್ಚಿಕೊಳ್ಳಲು ಆಗಲಿಲ್ಲ.

"ಕಂಡ್ಯಾ ಗಿರಿಜಾ? ಅವ್ನಿಗೇ ಹೋಪುಕೆ ಮನ್ಸಿಲ್ಲೆ. ಗುಂಡಿ ಬಿಟ್ಟ್ ಹೋತಿಲ್ಲೆ ಅಂತ ಅವ್ನೇ ಹೇಳ್ತಾ ಇದ್ದ. ಬಪ್ಪು ವರ್ಷ ಮತ್ತೊಂದ್ಸಲ ಇಡುವ. ಅಲ್ಲಿ ತನಕ ಹೀಂಗೇ ಇರ್ಲಿ."

ಹಿಂದಿನಿಂದ ಎರಡು ಮೂರು ದನಿ ಹೌದು ಹೌದು ಎಂದವು. ದೋಣಿಯಲ್ಲಿ ಯಾರೋ ಉಸ್ಸೆಂದು ಟಾರ್ಪಾಲು ಮತ್ತೆ ಎಳೆದುಕೊಂಡರು.

"ಅವ್ರ್ ಎಂತದೂ ಹೇಳ್ಲಿಲ್ಲೆ ಭೋಜಣ್ಣ" ಎಂದಳು ಗಿರಿಜಾ. "ಕಾಕಿ ಓಡ್ಸದ್ ನಾನ್. ಅವ್ರ್ ಬಾಯಲ್ಲಿ ನಿಮ್ಮ ಮಾತ್ ಇಡ್ಬೇಡಿ."

ಅವಳು ಭಟ್ಟರ ಕಡೆ ತಿರುಗಿದಳು. "ಭಟ್ರೆ, ಕಾಕಿ ಬಾರದಿದ್ರೆ ನೀರಿಗೆ ಬಿಡ್ಲಕ್ಕಾ?"

ಭಟ್ಟರು ಎಲ್ಲರ ಮುಖ ನೋಡಿದರು. "ಬಿಡ್ಲಕ್ಕ್. ಶಾಸ್ತ್ರದಗೆ ಹಾಂಗೂ ಇತ್ತ್. ಆದ್ರೆ ಕಾಕಿ ಮುಟ್ಟಿದಷ್ಟ್ ಸಮಾಧಾನ ಇಲ್ಲೆ."

ಗಿರಿಜಾ ಎರಡು ಕೈಯಲ್ಲಿ ಎಲೆ ಎತ್ತಿಕೊಂಡಳು. ಮೂರು ವರ್ಷದಲ್ಲಿ ಯಾರೂ ಕಾಲಿಡದ ನೀರಿಗೆ ಇಳಿದಳು. "ಅತ್ತಿಗೆ, ಬ್ಯಾಡ, ಆಳ ಇತ್ತ್" ಎಂದು ನಾಗ ಕೂಗಿದ. ಅವನೂ ಇಳಿಯಲು ಹೋಗಿ ಅಂಚಿನಲ್ಲೇ ನಿಂತ. ಅವಳು ಮೊಣಕಾಲು ಮುಳುಗುವಷ್ಟು ಹೋದಳು, ಸೊಂಟ ಮುಳುಗುವಷ್ಟು ಹೋದಳು. ಅಲ್ಲಿಂದ ಮುಂದೆ ತಳ ಇಳಿದುಹೋಗಿತ್ತು. ಭರತದ ನೀರು ನಿಂತಿದ್ದ ಹೊತ್ತು. ಗುಂಡಿ ಕರ್ರಗೆ, ಅಲುಗದೆ ಇತ್ತು. ಬಿಳಿ ಸೆರಗು ಅವಳ ಹಿಂದೆ ತೇಲಿತು.

ಒಂದು ಹಿಡಿ ಅನ್ನ ನೀರಿಗೆ ಬಿಟ್ಟಳು. ಅಗುಳು ನಿಧಾನವಾಗಿ ಕೆಳಗೆ ಹೋದವು. ಏನೂ ಆಗಲಿಲ್ಲ. ಇನ್ನೊಂದು ಹಿಡಿ ಬಿಟ್ಟಳು. ಆಗ ಸುತ್ತಲ ನೀರು ಮಳೆಹನಿ ಬಿದ್ದಂತೆ ಚುಕ್ಕೆ ಚುಕ್ಕೆಯಾಯಿತು. ಬೆರಳಷ್ಟು ಸಣ್ಣವು ಮೊದಲು ಬಂದವು, ಆಮೇಲೆ ಅಂಗೈಯಷ್ಟು ದೊಡ್ಡವು. ಬಲೆ ಕಂಡರಿಯದ, ಮನುಷ್ಯರ ಹೆದರಿಕೆಯಿಲ್ಲದ ಮೀನುಗಳು. ನೋಡನೋಡುತ್ತ ಅವಳ ಸೊಂಟದ ಸುತ್ತ ನೀರು ಕುದಿಯತೊಡಗಿತು. ಆಳದಿಂದ ಕೆಂಪು ಬೆನ್ನಿನ ಕೆಂಬೇರಿಗಳು ಎದ್ದುಬಂದವು, ಒಂದೊಂದೂ ಎಳೆಮಗುವಿನಷ್ಟು ಉದ್ದ. ದೋಣಿಯಲ್ಲಿದ್ದವರು ಎದ್ದು ನಿಂತರು. ಜೀವಮಾನವೆಲ್ಲ ಹೊಳೆಯಲ್ಲೇ ಕಳೆದ ಜನ, ಇಷ್ಟು ಮೀನನ್ನು ಒಟ್ಟಿಗೆ ಯಾರೂ ಕಂಡಿರಲಿಲ್ಲ.

ಗಿರಿಜಾ ಪಿಂಡವನ್ನು ಅಂಗೈಯಲ್ಲಿಟ್ಟು ನೀರಿನಡಿಗೆ ಹಿಡಿದಳು. ಒಂದು ದೊಡ್ಡ ಕೆಂಬೇರಿ ನೇರ ಬಂದು, ಅವಳ ಕೈಯ ಹತ್ತಿರ ನಿಂತು, ಬಾಯಿ ತೆರೆಯಿತು.

"ಮುಟ್ತ್" ಎಂದ ನಾಗ. ಮತ್ತೆ ಗಟ್ಟಿಯಾಗಿ ಹೇಳಿದ, "ಮುಟ್ತ್!"

ದಡದಲ್ಲಿ ಹೆಂಗಸರು ಕೈಮುಗಿದರು. ಭೋಜರಾಜ ಹೆಗಲ ಮೇಲಿನ ಬೈರಾಸು ಟವಲನ್ನು ತೆಗೆದು ಕಂಕುಳಲ್ಲಿಟ್ಟುಕೊಂಡ, ದೇವಸ್ಥಾನದಲ್ಲಿ ಮಾಡುವಂತೆ. ಆಮೇಲೆ ಆಚೆ ದಡದ ದೋಣಿಗಳ ಕಡೆ ನೋಡಿದ. ಸೂತಕ ಕಳೆದಿತ್ತು. ಇನ್ನು ಯಾರೂ ಯಾರನ್ನೂ ತಡೆಯುವಂತಿರಲಿಲ್ಲ. ಗುಡ್ಡನ ಹಿಂದೆ ಕೂತಿದ್ದ ಹುಡುಗರಲ್ಲಿ ಒಬ್ಬನ ಕೈ ಟಾರ್ಪಾಲಿನ ಮೇಲಿತ್ತು. ಅವನು ಗುಡ್ಡನ ಮುಖ ನೋಡಿದ. ಗುಡ್ಡ ಮೀನುಗಳನ್ನು ನೋಡುತ್ತಲೇ ಇದ್ದ. ಅವನ ಗಲ್ಲ ಒದ್ದೆಯಾಗಿತ್ತು. ಸದ್ದಾಗದ ಹಾಗೆ ಹುಟ್ಟನ್ನು ನೀರಿಂದ ಎತ್ತಿ ಒಳಗಿಟ್ಟು, ದೋಣಿಯಲ್ಲೇ ಮಂಡಿಯೂರಿ ಕೂತ. ಹುಡುಗ ಕೈ ತೆಗೆದ.

ಗಿರಿಜಾ ಇದಾವುದನ್ನೂ ಕಾಣಲಿಲ್ಲ. ಅವಳು ಬಗ್ಗಿ, ನೀರಿಗೆ ಮುಖ ಹತ್ತಿರ ತಂದು, ಮದುವೆಯಾದಂದಿನಿಂದ ಅವನೊಬ್ಬನಿಗೇ ಆಡುತ್ತಿದ್ದ ತಗ್ಗಿದ ದನಿಯಲ್ಲಿ ಹೇಳಿದಳು:

"ಉಣ್ಣಿ. ಅವಸರ ಎಂತದೂ ಇಲ್ಲೆ. ಹೊಟ್ಟಿ ತುಂಬ ಉಣ್ಣಿ."

ಎಲೆ ಬರಿದಾಯಿತು. ಮೀನುಗಳು ಹೋಗಲಿಲ್ಲ. ಅವಳ ಬರಿಯ ಅಂಗೈಯನ್ನು, ಬಳೆಯಿಲ್ಲದ ಮಣಿಕಟ್ಟನ್ನು ಬಾಯಿಂದ ತಡಕುತ್ತಲೇ ಇದ್ದವು. ಅವಳು ಕೈ ತೆಗೆಯಲಿಲ್ಲ.